ವೀಲಿ ಕಲಿಸುವಾಗ ನಾನು ನೋಡೋದು ಬಲಗಾಲು

ವೀಲಿ ಅಂದರೆ ಬೈಕಿನ ಮುಂದಿನ ಚಕ್ರ ಎತ್ತಿ ಹಿಂದಿನ ಚಕ್ರದ ಮೇಲೇ ಓಡಿಸೋದು. ಮುಂದಿನ ಚಕ್ರ ನೆಲ ಬಿಟ್ಟರೆ ಸಾಕು, ಮೈದಾನದಲ್ಲಿ ಇರುವವರೆಲ್ಲ ಆ ಚಕ್ರವನ್ನೇ ನೋಡುತ್ತಾರೆ. ಫೋನ್ ಹಿಡಿದವರೂ ಅದನ್ನೇ ವಿಡಿಯೋ ಮಾಡುತ್ತಾರೆ. ನಾನು ಅದನ್ನು ನೋಡುವುದಿಲ್ಲ. ನನ್ನ ಕಣ್ಣು ಓಡಿಸುವವರ ಬಲಗಾಲಿನ ಮೇಲೆ ಇರುತ್ತದೆ. ನನ್ನ ಕೆಲಸ ಇದೇ ಅಂತ ಅರ್ಥವಾಗಲು ಒಂದು ಸಲ ಕೈ ಮುರಿಯಿತು, ಇನ್ನೊಂದು ಸಲ ಒಬ್ಬ ಶಿಷ್ಯರು ಬೇಜಾರಾಗಿ ಎದ್ದು ಹೋದರು. ಆ ಎರಡೂ ಕಥೆ ಹೇಳಬೇಕು.

ಮೊದಲು ನಾನು ಮೈಸೂರಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಹನ್ನೊಂದು ವರ್ಷ. ಗ್ಯಾರೇಜಿಗೆ ಬಂದ ಗಾಡಿ ನೋಡಿದರೆ ಸಾಕು, ಇದರಲ್ಲಿ ವೀಲಿಂಗ್ ಮಾಡ್ತಾರೆ ಅಂತ ಗೊತ್ತಾಗುತ್ತಿತ್ತು. ಮುಂದಿನ ಫೋರ್ಕಿನ ಆಯಿಲ್ ಸೀಲ್ ಹೋಗಿರುತ್ತಿತ್ತು. ಹ್ಯಾಂಡಲ್ ಮೆಲ್ಲಗೆ ತಿರುಗಿಸಿದರೆ ನಡುವೆ ಒಂದು ಕಡೆ ಕಚ್ಚಿಕೊಳ್ಳುತ್ತಿತ್ತು. ಅಂದರೆ ಕೋನ್ ಸೆಟ್, ಹ್ಯಾಂಡಲ್ ತಿರುಗುವ ಬೇರಿಂಗ್, ಏಟು ತಿಂದಿದೆ ಅಂತ ಅರ್ಥ. ಇಂಜಿನ್ ಆಯಿಲ್ ಇಳಿಸುವಾಗಲೇ ಕ್ಲಚ್ ಪ್ಲೇಟ್ ಸುಟ್ಟ ವಾಸನೆ. ಯಮಹಾ ಆರ್‌ಎಕ್ಸ್ 100 ಬೈಕ್ ಅಂತೂ ಕೇಳಲೇಬೇಡಿ. 1985ರಲ್ಲಿ ಬಂದ ಗಾಡಿ, 98 ಸಿಸಿ, 11 ಎಚ್‌ಪಿ. ಅಂಕಿ ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ. ಆದರೆ ಗಾಡಿ ಅಷ್ಟು ಹಗುರ, ಆ ಟೂ ಸ್ಟ್ರೋಕ್ ಇಂಜಿನ್ ಎದ್ದು ಬರುವ ರೀತಿಯೂ ಹಾಗೇ. ಫಸ್ಟ್ ಗೇರಿನಲ್ಲಿ ಕ್ಲಚ್ ಸ್ವಲ್ಪ ಬೇಗ ಬಿಟ್ಟರೂ ಮುಂದಿನ ಚಕ್ರ ಮೇಲೆ. ನಾನೂ ರಿಪೇರಿ ಆದ ಗಾಡಿ ಟ್ರಯಲ್ ನೋಡುವ ನೆಪದಲ್ಲಿ ಒಂದೆರಡು ಸಲ ಎತ್ತಿದ್ದೇನೆ. ಎತ್ತಿದ್ದು ಅಷ್ಟೇ. ಅದು ತಾನಾಗಿ ಇಳಿಯಿತು, ನಾನು ಇಳಿಸಲಿಲ್ಲ. ಆಗ ಈ ವ್ಯತ್ಯಾಸ ಗೊತ್ತಿರಲಿಲ್ಲ.

ಈಗ ದೊಡ್ಡಬಳ್ಳಾಪುರದ ಆಚೆ ಒಂದು ಮಣ್ಣಿನ ಮೈದಾನದಲ್ಲಿ ಆಫ್‌ರೋಡ್, ಅಂದರೆ ಕಚ್ಚಾ ದಾರಿಯಲ್ಲಿ ಬೈಕ್ ಓಡಿಸೋದು ಕಲಿಸುತ್ತೇನೆ. ಶುರುವಿನಲ್ಲಿ ಅಲ್ಲಿಗೆ ಹೋಗಿದ್ದು ಗಾಡಿ ನೋಡಿಕೊಳ್ಳೋಕೆ. ಒಂದು ದಿನ ಹಿರಿಯ ತರಬೇತುದಾರರು ಕರೆದು, "ನೀನೂ ಕಲಿಯಪ್ಪ, ಕಲಿಸೋರು ಕಮ್ಮಿ ಇದ್ದಾರೆ" ಅಂದರು. ನಾವೆಲ್ಲ ಅವರನ್ನು ಮೇಷ್ಟ್ರು ಅಂತಲೇ ಕರೆಯೋದು. ನನಗೆ ಆಗ 34 ವರ್ಷ.

ಆಫ್‌ರೋಡ್‌ನಲ್ಲಿ ವೀಲಿ ಯಾಕೆ ಅಂತ ಕೇಳುವವರಿದ್ದಾರೆ. ಮಲೆನಾಡಿನ ಕಡೆ ಮಳೆಗಾಲದಲ್ಲಿ ಬೈಕ್ ಓಡಿಸಿದವರಿಗೆ ಹೇಳಬೇಕಾಗಿಲ್ಲ. ದಾರಿಗೆ ಅಡ್ಡ ಮರದ ಕೊಂಬೆ ಬಿದ್ದಿರುತ್ತದೆ, ನೀರು ಕೊರೆದ ಚರಂಡಿ ಇರುತ್ತದೆ. ಮುಂದಿನ ಚಕ್ರವನ್ನು ಒಂದು ಮೊಳ ಎತ್ತಿ ಅದರ ಮೇಲೆ ಇಡೋದು ಗೊತ್ತಿದ್ದರೆ ದಾಟಬಹುದು. ನಾವು ಕಲಿಸೋದು ಇಷ್ಟಕ್ಕೇ. ನೂರಾರು ಮೀಟರ್ ಒಂದೇ ಚಕ್ರದ ಮೇಲೆ ಹೋಗೋದು ಬೇರೆಯದೇ ವಿದ್ಯೆ. 1991ರಲ್ಲಿ ಜಪಾನಿನ ಯಸುಯುಕಿ ಕುಡೋ ಅನ್ನುವವರು ಸಣ್ಣದೊಂದು ಹೋಂಡಾ ಟ್ರಯಲ್ಸ್ ಬೈಕಿನಲ್ಲಿ (ಕಲ್ಲು ಬಂಡೆ ಹತ್ತಿಸುವ ಸ್ಪರ್ಧೆಯ ಗಾಡಿ) 331 ಕಿ.ಮೀ. ಹೀಗೆ ಹೋಗಿದ್ದಾರೆ. ನಮ್ಮ ಲೆಕ್ಕದಲ್ಲಿ ಬೆಂಗಳೂರಿನಿಂದ ಹೆಚ್ಚೂ ಕಡಿಮೆ ಹಾವೇರಿ! ಇದನ್ನು ಕೇಳಿದಾಗ ನನಗೆ ಮೊದಲು ಅನ್ನಿಸಿದ್ದು, ಆ ಮನುಷ್ಯನ ಬಲಗಾಲು ಎಷ್ಟು ನೋವು ತಿಂದಿರಬೇಕು ಅಂತ.

ಯಾಕೆ ಬಲಗಾಲು ಅಂತ ಹೇಳಿಬಿಡುತ್ತೇನೆ. ನಿಂತಿರುವ ಬಸ್ಸು ಗಕ್ಕನೆ ಹೊರಟರೆ ಒಳಗೆ ನಿಂತವರು ಹಿಂದಕ್ಕೆ ವಾಲುತ್ತಾರೆ, ಅಲ್ವಾ? ಬೈಕ್ ಎದ್ದು ನಿಲ್ಲೋದೂ ಹಾಗೇ. ಹಿಂದಿನ ಚಕ್ರ ನೆಲವನ್ನು ಹಿಡಿದು ಮುಂದಕ್ಕೆ ನುಗ್ಗುತ್ತದೆ, ಮೇಲಿರುವ ತೂಕ ಹಿಂದೆ ಉಳಿಯುತ್ತದೆ, ಮೂತಿ ಮೇಲೇಳುತ್ತದೆ. ಅದೇ ಬಸ್ಸಿನ ಡ್ರೈವರ್ ಬ್ರೇಕ್ ಒತ್ತಿದರೆ ಎಲ್ಲರೂ ಮುಂದಕ್ಕೆ ಮುಗ್ಗರಿಸುತ್ತಾರೆ. ಬೈಕಿನಲ್ಲಿ ಆ ಬ್ರೇಕ್ ಬಲಗಾಲಿನ ಕೆಳಗಿದೆ. ಚಕ್ರ ಎಷ್ಟೇ ಮೇಲೆ ಹೋಗಲಿ, ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿದರೆ ಮೂತಿ ಕೆಳಗೆ ಬರುತ್ತದೆ.

ಥ್ರಾಟಲ್ (ಆಕ್ಸಿಲರೇಟರ್) ಬಿಟ್ಟರೆ ಸಾಲದಾ ಅಂತ ಎಲ್ಲ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಕೆಳಮಟ್ಟದಲ್ಲಿ ಸಾಕು. ಆದರೆ ಬೈಕ್ ತನ್ನ ತೂಕದ ಮೇಲೆ ತಾನೇ ನಿಲ್ಲುವ ಒಂದು ಜಾಗ ಇದೆ. ಅದನ್ನು ದಾಟಿದರೆ ಗಾಡಿ ಹಿಂದಕ್ಕೇ ಬೀಳಲು ನೋಡುತ್ತದೆ. ಆಗ ಭಯ ಬಿದ್ದವರು ಹ್ಯಾಂಡಲ್‌ಗೆ ಜೋತು ಬೀಳುತ್ತಾರೆ. ಜೋತು ಬಿದ್ದಾಗ ಮಣಿಕಟ್ಟು ಕೆಳಗೆ ಹೋಗಿ ಥ್ರಾಟಲ್ ಇನ್ನೂ ತೆರೆದುಕೊಳ್ಳುತ್ತದೆ. ಬಿಡಬೇಕು ಅಂತ ಮನಸ್ಸು ಹೇಳುತ್ತಿರುತ್ತದೆ, ಕೈ ತಿರುಗಿಸುತ್ತಿರುತ್ತದೆ. ಇನ್ನು ಕೆಲವರು ಕ್ಲಚ್ ಹಿಡಿದುಬಿಡುತ್ತಾರೆ. ಆಗ ಇಂಜಿನ್ ತಡೆಯೂ ಇಲ್ಲದ ಹಾಗಾಯಿತು. ಆ ಹೊತ್ತಿಗೆ ಕೈಯನ್ನು ನಂಬೋಕಾಗಲ್ಲ, ಕಾಲನ್ನು ನಂಬಬೇಕು.

ಮೇಷ್ಟ್ರು ನನಗೆ ಮೊದಲ ಎರಡು ದಿನ ಚಕ್ರ ಎತ್ತಲು ಬಿಡಲೇ ಇಲ್ಲ. ಫಸ್ಟ್ ಗೇರಿನಲ್ಲಿ ನಡಿಗೆಯ ವೇಗದಲ್ಲಿ ಹೋಗಬೇಕು. ಅವರು ಸೀಟಿ ಊದಿದಾಗ ಹಿಂದಿನ ಬ್ರೇಕ್ ಮುಟ್ಟಬೇಕು. ಯಾವಾಗ ಊದುತ್ತಾರೆ ಅಂತ ಗೊತ್ತಿರಲ್ಲ. ಒಂದು ಸಲ ಹತ್ತು ಹೆಜ್ಜೆಗೇ, ಇನ್ನೊಂದು ಸಲ ಮೈದಾನದ ಕೊನೆಗೆ. ತಡವಾದರೆ "ಕಾಲು ಎಲ್ಲಿದೆ?" ಅಂತ ಕೇಳೋರು. ಅಷ್ಟೇ, ಬೇರೇನೂ ಬೈಯುತ್ತಿರಲಿಲ್ಲ. ಮೂರನೇ ದಿನ ಒಂದು ಗೇಣು ಎತ್ತಲು ಬಿಟ್ಟರು. ಕ್ಲಚ್ ಎರಡು ಬೆರಳಿನಲ್ಲಿ ಸ್ವಲ್ಪ ಎಳೆದು, ಆಕ್ಸಿಲರೇಟರ್ ಕೊಟ್ಟು, ಬಿಡಬೇಕು. ಎದ್ದ ಕೂಡಲೇ ಬ್ರೇಕ್. ಗೇಣು ಎತ್ತು, ಇಳಿಸು. ಗೇಣು ಎತ್ತು, ಇಳಿಸು. ಅಂಗೈ ಊದಿ, ಎಡಗೈಯಲ್ಲಿ ಲೋಟ ಹಿಡಿಯೋಕೂ ಆಗುತ್ತಿರಲಿಲ್ಲ.

ಮೂರನೇ ವಾರ ಒಂದು ಸಂಜೆ ಮೇಷ್ಟ್ರು ಆಚೆ ಯಾರ ಜೊತೆಗೋ ಮಾತಾಡುತ್ತಿದ್ದರು. ನನಗೆ ಧೈರ್ಯ ಬಂದಿತ್ತು. ಇನ್ನೂ ಸ್ವಲ್ಪ ಮೇಲೆ ಹೋಗಲಿ ಅಂತ ಕ್ಲಚ್ ಬಿಟ್ಟೆ. ಹ್ಯಾಂಡಲ್ ನನ್ನ ಮುಖದ ಹತ್ತಿರ ಬಂತು. ಹಿಂದಿನಿಂದ ನಂಬರ್ ಪ್ಲೇಟ್ ಮಣ್ಣು ಕೆರೆಯುವ ಸದ್ದು ಕೇಳಿಸಿತು. ಆಮೇಲೆ ನಾನು ಬೆನ್ನ ಮೇಲೆ ಬಿದ್ದಿದ್ದೆ. ಬೈಕ್ ಪಕ್ಕಕ್ಕೆ ಉರುಳಿ ಚಕ್ರ ಸುಮ್ನೆ ತಿರುಗುತ್ತಿತ್ತು. ಬೆನ್ನಿಗೆ ಗಾರ್ಡ್ ಇತ್ತು, ಹೆಲ್ಮೆಟ್ ಇತ್ತು, ಅದರಿಂದ ಉಳಿದೆ. ನೆಲಕ್ಕೆ ಊರಿದ ಎಡಗೈ ಮಣಿಕಟ್ಟು ಮುರಿದಿತ್ತು.

ಮೇಷ್ಟ್ರು ಓಡಿ ಬಂದರು. ಕೈ ನೋಡಿದರು, ಕತ್ತು ಆಡಿಸಲು ಹೇಳಿದರು, ನೀರು ಕುಡಿಸಿದರು. ಆಮೇಲೆ ಎಬ್ಬಿಸಿಕೊಂಡು ಹಿಂದಕ್ಕೆ ನಡೆಸಿದರು. ಮಣ್ಣಿನಲ್ಲಿ ಮೂರು ಗುರುತು ಇದ್ದವು. ಹಿಂದಿನ ಟೈರಿನ ಗುರುತು. ಕೊನೆಯಲ್ಲಿ ನಂಬರ್ ಪ್ಲೇಟ್ ಕೆರೆದ ಜಾಗ. ಟೈರಿನ ಬಲಕ್ಕೆ ಇನ್ನೊಂದು ತೆಳ್ಳನೆ ಗೆರೆ, ಸುಮಾರು ನಾಲ್ಕು ಮೀಟರ್ ಉದ್ದ. ಅದು ನನ್ನ ಬೂಟಿನ ಹಿಮ್ಮಡಿ ಎಳೆದ ಗೆರೆ. ಚಕ್ರ ಏಳುವಾಗಲೇ ನಾನು ಬಲಗಾಲನ್ನು ಪೆಡಲಿನಿಂದ ತೆಗೆದು ನೆಲಕ್ಕೆ ಇಳಿಬಿಟ್ಟಿದ್ದೆ. ಸೈಕಲ್ ಕಲಿಯುವ ಮಗು ಬೀಳುತ್ತೇನೆ ಅಂದಾಗ ಕಾಲು ಊರುತ್ತದಲ್ಲ, ಹಾಗೆ. ನನ್ನನ್ನು ಕೇಳಿದ್ದರೆ ಕಾಲು ಬ್ರೇಕ್ ಮೇಲೇ ಇತ್ತು ಅಂತ ದೇವರಾಣೆ ಮಾಡುತ್ತಿದ್ದೆ. ನೆಲ ಬೇರೆ ಹೇಳುತ್ತಿತ್ತು.

ಆರು ವಾರ ಪ್ಲಾಸ್ಟರ್. ಆ ಆರು ವಾರ ಮೇಷ್ಟ್ರ ಪಕ್ಕದಲ್ಲಿ ನಿಂತು ಬೇರೆಯವರ ಕಾಲು ನೋಡಿದೆ. ನಾನು ಕಲಿಸೋದು ಕಲಿತದ್ದು ಆಗಲೇ. ಹತ್ತರಲ್ಲಿ ಆರೇಳು ಜನ ಚಕ್ರ ಎದ್ದ ಕ್ಷಣ ಕಾಲು ತೆಗೆಯುತ್ತಾರೆ, ಮತ್ತೆ ತೆಗೆದಿಲ್ಲ ಅಂತ ನಂಬುತ್ತಾರೆ. ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗಿರುವುದಿಲ್ಲ.

ಇದಕ್ಕೆ ಮೇಷ್ಟ್ರ ಹತ್ತಿರ ಒಂದು ಉಪಾಯ ಇತ್ತು. ಅವರು ಎಲೆ ಅಡಿಕೆ ಹಾಕುವವರು. ಜೇಬಿನ ಸುಣ್ಣದ ಡಬ್ಬಿ ತೆಗೆದು ಬ್ರೇಕ್ ಪೆಡಲಿನ ತುದಿಗೆ ಬೆರಳಲ್ಲಿ ಸುಣ್ಣ ಸವರುತ್ತಿದ್ದರು. ಒಂದು ಸುತ್ತು ಮುಗಿದ ಮೇಲೆ ಬೂಟಿನ ಅಡಿ ನೋಡಬೇಕು. ಬೆಳ್ಳಗಿದ್ದರೆ ಕಾಲು ಅಲ್ಲಿತ್ತು. ಹೋದ ವರ್ಷ ಒಬ್ಬ ಹುಡುಗ ಬಂದಿದ್ದ, 22 ವರ್ಷ. ಮೊದಲೇ ಎತ್ತೋದು ಗೊತ್ತಿತ್ತು, ಐವತ್ತು ಮೀಟರ್ ಆರಾಮಾಗಿ ಹೋಗುತ್ತಿದ್ದ. ಉಳಿದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಸುಣ್ಣ ಹಚ್ಚಿ ಮೂರು ಸುತ್ತು ಕಳಿಸಿದೆ. "ಕಾಲು ಅಲ್ಲೇ ಇತ್ತು ಅಣ್ಣಾ" ಅಂದ. ಬೂಟು ಎತ್ತಿ ತೋರಿಸು ಅಂದೆ. ಒಂದು ಚುಕ್ಕೆ ಬಿಳಿ ಇರಲಿಲ್ಲ. ಅವನು ತುಂಬ ಹೊತ್ತು ಆ ಅಡಿಯನ್ನೇ ನೋಡುತ್ತ ಕೂತಿದ್ದ. ಇಷ್ಟು ದಿನ ಹೇಗೆ ಇಳಿಯುತ್ತಿದ್ದೆ ಅಂತ ಯೋಚಿಸುತ್ತಿದ್ದ ಅನ್ನಿಸುತ್ತದೆ. ಮಧ್ಯಾಹ್ನದ ಮೇಲೆ ಗೇಣು ಎತ್ತೋದರಿಂದ ಮತ್ತೆ ಶುರು ಮಾಡಿದ. ನನಗೆ ಅವನ ಮೇಲೆ ಆಗ ತುಂಬ ಗೌರವ ಬಂತು.

ರಸ್ತೆಯ ವಿಷಯ ಹೇಳದೆ ಇರೋಕಾಗಲ್ಲ. ಬೆಂಗಳೂರಿನಲ್ಲಿ ವೀಲಿಂಗ್ ಮಾಡುವ ಹುಡುಗರಲ್ಲಿ ಎಷ್ಟೋ ಜನರ ಕೈಯಲ್ಲಿ ಸ್ಕೂಟರ್ ಇರುತ್ತದೆ. ಈಗಿನ ಗೇರಿಲ್ಲದ ಸ್ಕೂಟರಿನಲ್ಲಿ ಕಾಲಿನ ಬ್ರೇಕೇ ಇಲ್ಲ. ಹಿಂದಿನ ಬ್ರೇಕ್ ಎಡಗೈಯಲ್ಲಿದೆ, ಬೀಳುವಾಗ ಜೋತು ಬೀಳುವ ಅದೇ ಕೈ. ಮೇಲಾಗಿ 2019ರಿಂದ ಹೊಸ ಸಣ್ಣ ಗಾಡಿಗಳಲ್ಲಿ ಕಾಂಬಿ ಬ್ರೇಕ್ ಬಂದಿದೆ. ಎಡಗಡೆ ಲಿವರ್ ಒತ್ತಿದರೆ ಮುಂದಿನ ಚಕ್ರಕ್ಕೂ ಬ್ರೇಕ್ ಬೀಳುತ್ತದೆ. ನೆಲದ ಮೇಲಿದ್ದಾಗ ಅದು ಜೀವ ಉಳಿಸುವ ಏರ್ಪಾಡು. ಗಾಳಿಯಲ್ಲಿದ್ದಾಗ ಚಕ್ರ ತಿರುಗೋದು ನಿಂತು, ನಿಂತ ಚಕ್ರವೇ ನೆಲಕ್ಕೆ ಬಡಿಯುತ್ತದೆ. 2024ರ ಆಗಸ್ಟಿನಲ್ಲಿ ತುಮಕೂರು ಹೆದ್ದಾರಿಯಲ್ಲಿ ಜನ ಸಿಟ್ಟಿಗೆದ್ದು ವೀಲಿಂಗ್ ಹುಡುಗರ ಎರಡು ಸ್ಕೂಟರ್‌ಗಳನ್ನು ಫ್ಲೈಓವರ್ ಮೇಲಿಂದ ಕೆಳಗೆ ಎಸೆದದ್ದು ನಿಮಗೂ ನೆನಪಿರಬಹುದು. ಹಾಗೆ ಎಸೆದದ್ದು ಸರಿಯಲ್ಲ. ಆದರೆ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹೋಗುವವರ ಪಕ್ಕದಲ್ಲಿ ಒಬ್ಬ ಚಕ್ರ ಎತ್ತಿದರೆ ಆ ತಂದೆಗೆ ಎಷ್ಟು ಭಯ ಆಗುತ್ತದೆ ಅಂತ ನನಗೆ ಗೊತ್ತು. ಕಾನೂನಿನಲ್ಲಿ ಇದು ಅಪಾಯಕಾರಿ ಚಾಲನೆ, ಜೈಲೂ ಆಗಬಹುದು. ಓಡಿಸಿದವನಿಗೆ 18 ತುಂಬಿರದಿದ್ದರೆ ಅಪ್ಪ ಅಮ್ಮನಿಗೋ ಗಾಡಿ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಒಂದು ವರ್ಷ ಗಾಡಿಯ ನೋಂದಣಿ ರದ್ದು. ನಾನು 18 ತುಂಬದವರಿಗೆ ಕಲಿಸಲ್ಲ, ಸ್ಕೂಟರ್ ತಂದವರಿಗೂ ಕಲಿಸಲ್ಲ. ರಸ್ತೆಯಲ್ಲಿ ಎತ್ತಿದ್ದು ಗೊತ್ತಾದರೆ ಮತ್ತೆ ಮೈದಾನಕ್ಕೆ ಸೇರಿಸಲ್ಲ.

ಈಗ ಎದ್ದು ಹೋದ ಶಿಷ್ಯರ ಕಥೆ. ಅವರು ತಿಪಟೂರು ಕಡೆಯವರು, ತೆಂಗಿನ ತೋಟ ಇದೆ, ವಯಸ್ಸು ಐವತ್ತರ ಹತ್ತಿರ. ಬಹಳ ತಾಳ್ಮೆಯವರು. ಬೆಳಗ್ಗೆಯಿಂದ ಸೀಟಿ ಊದಿದಾಗಲೆಲ್ಲ ಅವರ ಕಾಲು ತಡ. ಸುಣ್ಣ ಹಚ್ಚಿದೆ, ಬೂಟಿಗೆ ಅಂಟಲಿಲ್ಲ. ಹತ್ತು ಸಲ ಹೇಳಿದೆ. ಹನ್ನೊಂದನೇ ಸಲ ಎಲ್ಲರ ಮುಂದೆ ದನಿ ಎತ್ತಿದೆ. "ಇಷ್ಟು ಹೇಳಿದರೂ ಅರ್ಥ ಆಗಲ್ವಾ ಸರ್?" ಅಂದುಬಿಟ್ಟೆ. ಅವರು ಹೆಲ್ಮೆಟ್ ತೆಗೆದು, "ಕಾಲು ನೋಯ್ತಾ ಇದೆಯಪ್ಪ" ಅಂತ ಮಾತ್ರ ಹೇಳಿದರು. ಊಟದ ಹೊತ್ತಿಗೆ ಹೊರಟು ಹೋದರು.

ಸಂಜೆ ಗಾಡಿ ತೊಳೆಯುವಾಗ ನಾನೇ ಆ ಬೈಕಿನ ಮೇಲೆ ಕೂತೆ. ಕಾಲಿಟ್ಟ ತಕ್ಷಣ ಗೊತ್ತಾಯಿತು. ಬ್ರೇಕ್ ಪೆಡಲ್ ಫುಟ್‌ರೆಸ್ಟ್‌ಗಿಂತ ಎರಡು ಬೆರಳು ಮೇಲಿತ್ತು. ಹಿಂದಿನ ದಿನ ನಿಂತು ಓಡಿಸುವ ಕ್ಲಾಸ್ ಇತ್ತು. ನಿಂತಾಗ ಪೆಡಲ್ ಸ್ವಲ್ಪ ಎತ್ತರ ಇದ್ದರೆ ಅನುಕೂಲ ಅಂತ ನಾನೇ ಏರಿಸಿದ್ದೆ. ವೀಲಿ ಕಲಿಸೋದು ಕೂತು. ಕೂತವರು ಆ ಎತ್ತರಕ್ಕೆ ಪಾದ ಇಡಬೇಕಾದರೆ ಹಿಮ್ಮಡಿ ಒತ್ತಿ ಬೆರಳು ಮೇಲೆ ಹಿಡಿದುಕೊಂಡೇ ಇರಬೇಕು. ಐದು ನಿಮಿಷಕ್ಕೆ ಮೊಳಕಾಲಿನ ಕೆಳಗೆ ಮುಂದಿನ ಮಾಂಸಖಂಡ ಸೆಳೆಯುತ್ತದೆ. ಹತ್ತು ನಿಮಿಷಕ್ಕೆ ಕಾಲು ತಾನಾಗಿ ಜಾರುತ್ತದೆ. ಲಾಕ್ ನಟ್ ಸಡಿಲಿಸಿ ರಾಡ್ ತಿರುಗಿಸಿದರೆ ಸರಿಹೋಗುವ ವಿಷಯ. ಒಂದು ಸ್ಪ್ಯಾನರ್, ಎರಡು ನಿಮಿಷ. ಹನ್ನೊಂದು ವರ್ಷ ಮೆಕ್ಯಾನಿಕ್ ಆಗಿದ್ದವನು ಗಾಡಿ ನೋಡದೆ ಮನುಷ್ಯನನ್ನು ಬೈದಿದ್ದೆ. ಆ ರಾತ್ರಿ ಊಟ ಸೇರಲಿಲ್ಲ.

ಅವತ್ತಿನಿಂದ ಕ್ಲಾಸ್ ಶುರುವಾಗುವ ಮೊದಲು ಪ್ರತಿಯೊಬ್ಬರನ್ನೂ ಗಾಡಿ ಮೇಲೆ ಕೂರಿಸಿ, ಅವರದೇ ಬೂಟಿನಲ್ಲಿ ಕಾಲಿಡಿಸಿ, ನಾನು ನೆಲದ ಮೇಲೆ ಕೂತು ಪೆಡಲ್ ಹೊಂದಿಸುತ್ತೇನೆ. ಒಬ್ಬೊಬ್ಬರ ಪಾದ ಒಂದೊಂದು ಥರ. ದಪ್ಪ ಅಡಿಯ ಬೂಟಿಗೆ ಬೇರೆ, ತೆಳು ಬೂಟಿಗೆ ಬೇರೆ. ಬೆಳಗ್ಗೆ ಅರ್ಧ ಗಂಟೆ ಇದಕ್ಕೇ ಹೋಗುತ್ತದೆ. ಕಾಯುವವರು ಗೊಣಗುತ್ತಾರೆ, ಗೊಣಗಲಿ. ಯಾರದಾದರೂ ಕಾಲು ಎರಡು ಸಲ ತಡವಾದರೆ ಈಗ ಮೊದಲು ಕೇಳೋದು "ಎಲ್ಲಾದರೂ ನೋಯ್ತಿದೆಯಾ?" ಅಂತ.

ತಿಪಟೂರಿನವರಿಗೆ ಮಾರನೇ ದಿನವೇ ಫೋನ್ ಮಾಡಿ ತಪ್ಪು ನನ್ನದು ಅಂದೆ. ತೋಟದಲ್ಲಿ ಕಾಯಿ ಕೀಳಿಸುವ ಕೆಲಸ ಇದೆ, ಮುಗಿಸಿ ಬರುತ್ತೇನೆ ಅಂದರು. ಎರಡು ತಿಂಗಳು ಬರಲಿಲ್ಲ. ಇನ್ನು ಬರೋದಿಲ್ಲ ಅಂದುಕೊಂಡಿದ್ದೆ. ಒಂದು ಭಾನುವಾರ ಬೆಳಗ್ಗೆ ಏಳಕ್ಕೇ ಬಂದು ನಿಂತಿದ್ದರು, ಕೈಯಲ್ಲಿ ಎರಡು ಎಳನೀರು. ಪೆಡಲ್ ಹೊಂದಿಸಿದೆ. ಅವರೇ ಕಾಲು ಎತ್ತಿ ಇಳಿಸಿ ನೋಡಿ, "ಇನ್ನೊಂಚೂರು ಕೆಳಗೆ" ಅಂದರು. ಅವತ್ತು ಅವರು ಚಕ್ರವನ್ನು ಒಂದು ಗೇಣಿಗಿಂತ ಮೇಲೆ ಎತ್ತಲಿಲ್ಲ. ನಾನು ಸೀಟಿ ಊದಿದಾಗಲೆಲ್ಲ ಮೂತಿ ಮೆತ್ತಗೆ ಕೆಳಗೆ ಬಂತು. ಕೊನೆಯ ಸುತ್ತು ಮುಗಿಸಿ ಗಾಡಿ ಸ್ಟ್ಯಾಂಡ್ ಹಾಕಿದರು. ನಾನು ಕೇಳುವ ಮೊದಲೇ ಕಲ್ಲಿನ ಮೇಲೆ ಕೂತು ಬಲಗಾಲಿನ ಬೂಟು ತಿರುಗಿಸಿ ತೋರಿಸಿದರು. ಅಡಿಯೆಲ್ಲ ಸುಣ್ಣ.