ತೊಟ್ಟಿಮನೆಗೆ ಸಾಮಾನು ಜೋಡಿಸುವ ಕೆಲಸ: ಜಗುಲಿಯಿಂದ ಅಡುಗೆಮನೆಗೆ

ತೀರ್ಥಹಳ್ಳಿ ಸೀಮೆಯ ಹಳೆಯ ತೊಟ್ಟಿಮನೆಯೊಂದನ್ನು ವಸ್ತುಸಂಗ್ರಹಾಲಯವಾಗಿಸುವ ನಮ್ಮ ಕೆಲಸದಲ್ಲಿ ಮಾಡಿನ ದುರಸ್ತಿ ಮುಗಿದಿದ್ದು, ಈಗ ಕೋಣೆಗಳನ್ನು ಸಜ್ಜುಗೊಳಿಸುತ್ತಿದ್ದೇವೆ. ಮನೆಯ ಮೂಲ ಸಾಮಾನುಗಳು ಪಾಲಿನಲ್ಲಿ ಹಂಚಿಹೋಗಿರುವುದರಿಂದ, ಸುತ್ತಲಿನ ಊರಿನವರು ದಾನವಾಗಿ ಕೊಡುವ ವಸ್ತುಗಳನ್ನೇ ನೆಚ್ಚಿಕೊಳ್ಳಬೇಕಾಗಿದೆ. ಬಂದದ್ದನ್ನೆಲ್ಲ ಇಟ್ಟರೆ ಮನೆ ಗುಜರಿ ಅಂಗಡಿಯಂತಾಗುವುದು ಖಂಡಿತವಾದ್ದರಿಂದ 1940ರ ದಶಕವನ್ನು ಗಡಿಯಾಗಿ ಇಟ್ಟುಕೊಂಡೆವು. ಆ ಲೆಕ್ಕದಲ್ಲಿ ಜಗುಲಿಗೆ ಲಾಟೀನು, ಕಂಬಳಿ, ಚೆನ್ನೆಮಣೆ ಸೇರಿದವು. ಕೊಳಗ, ಸೇರು, ಪಾವುಗಳ ಜೊತೆಗೆ ಬಂದ ಕಿಲೋಗ್ರಾಂ ತೂಕದ ಬಟ್ಟುಗಳು ಉಗ್ರಾಣಕ್ಕೆ ಹೋದವು, ಏಕೆಂದರೆ ಮೆಟ್ರಿಕ್ ತೂಕ ನಮ್ಮಲ್ಲಿ ಬಳಕೆಗೆ ಬಂದದ್ದು 1958ರಿಂದ ಈಚೆಗೆ.

ಅಡುಗೆಮನೆಯೇ ಹೆಚ್ಚು ಹೊತ್ತು ಹಿಡಿದಿದೆ. ದಾನ ಕೊಡುವವರು ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ ತರುತ್ತಾರೆ; ಅದು ಅವರ ಮರ್ಯಾದೆ. ಆದರೆ ಹಾಗೆ ತಿಕ್ಕಿದಷ್ಟೂ ಪಾತ್ರೆಯ ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆಸಿದ ಯಜಮಾನರ ಹೆಸರು ಸವೆಯುತ್ತದೆ. ಆದ್ದರಿಂದ ತಿಕ್ಕದೆಯೇ ತರುವಂತೆ ಈಗ ಮೊದಲೇ ಕೇಳಿಕೊಳ್ಳುತ್ತೇವೆ, ಸಡಿಲವಾದ ಕಿಲುಬನ್ನು ಮೃದುವಾದ ಕುಂಚದಿಂದ ತೆಗೆದು ಒಣಗಿಸುತ್ತೇವೆ, ಕಲಾಯಿ ಹೋದ ತಾಮ್ರದ ಪಾತ್ರೆಗಳಿಗೆ ಮತ್ತೆ ಕಲಾಯಿ ಹಾಕಿಸುವುದಿಲ್ಲ. ಅವುಗಳಲ್ಲಿ ಇನ್ನು ಯಾರೂ ಅಡುಗೆ ಮಾಡುವುದಿಲ್ಲವಲ್ಲ.

ಆ ಹೆಸರುಗಳಿಂದಲೇ ಇನ್ನೊಂದು ತೊಡಕೂ ಹುಟ್ಟಿತು. ಬೇರೆ ಮನೆಯವರ ಹೆಸರಿರುವ ಹಂಡೆ ಈ ಬಚ್ಚಲಲ್ಲಿ ಕುಳಿತರೆ, ನೋಡುವವರು ಅದನ್ನು ಈ ಮನೆಯದೆಂದೇ ತಿಳಿಯುತ್ತಾರೆ. ಹೆಸರನ್ನು ಗೋಡೆಯ ಕಡೆಗೆ ತಿರುಗಿಸಿಡಬೇಕೆಂಬ ಸಲಹೆಯನ್ನು ನಾನು ಒಪ್ಪಲಿಲ್ಲ. ಯಾವ ಊರಿನಿಂದ ಬಂತು, ಇಲ್ಲಿ ಯಾವುದರ ಬದಲಿಗೆ ನಿಂತಿದೆ ಎಂಬುದನ್ನು ಚೀಟಿಯಲ್ಲಿ ಬರೆದಿಡುವುದೇ ಪ್ರಾಮಾಣಿಕ ದಾರಿ. ದಾಖಲೆ ಪುಸ್ತಕದಲ್ಲಿಯೂ ಮನೆಯ ಸ್ವಂತ ವಸ್ತುಗಳಿಗೆ ಒಂದು ಸಾಲು, ದಾನದವುಗಳಿಗೆ ಇನ್ನೊಂದು ಸಾಲು ಸಂಖ್ಯೆಗಳಿವೆ. ಲೋಹ ಮತ್ತು ಮರದ ಮೇಲೆ ಪ್ಯಾರಲಾಯ್ಡ್ ಬಿ-72 ಎಂಬ ಅಂಟಿನ ತೆಳುಪದರ ಬಳಿದು, ಅದರ ಮೇಲೆ ಸಂಖ್ಯೆ ಬರೆಯುತ್ತೇವೆ. ಬೇಕೆಂದಾಗ ಅಸಿಟೋನಿನಿಂದ ಒರೆಸಬಹುದು. ಬಟ್ಟೆಗಳಿಗೆ ಹತ್ತಿಯ ಪಟ್ಟಿ ಹೊಲಿದರೆ ಸಾಕು.

ಕುಪ್ಪಳಿಯ ಕವಿಮನೆಯಿಂದ ಕುವೆಂಪು ಅವರ ಪದ್ಮ ಪದಕಗಳು 2015ರಲ್ಲಿ ಕಳವಾದದ್ದನ್ನು ಈ ಭಾಗದವರು ಮರೆತಿಲ್ಲ. ಹಾಗಾಗಿ ಅಡಕೆಕತ್ತರಿ, ಸುಣ್ಣದ ಡಬ್ಬಿಗಳಂಥ ಜೇಬಿಗಿಳಿಯುವ ಸಾಮಾನುಗಳನ್ನು ಗಾಜಿನೊಳಗೇ ಇಡಲಾಗುವುದು. ದೇವರಕೋಣೆಗೆಂದು ಒಬ್ಬರು ಕೊಡಬಯಸಿದ ಹಳೆಯ ಲೋಹವಿಗ್ರಹವನ್ನು ಸದ್ಯಕ್ಕೆ ಸ್ವೀಕರಿಸಿಲ್ಲ. ನೂರು ವರ್ಷ ಮೀರಿದ್ದಾದರೆ 1972ರ ಪ್ರಾಚ್ಯವಸ್ತು ಕಾಯಿದೆಯಂತೆ ಅದರ ನೋಂದಣಿ ಆಗಿರಬೇಕು. ತಾಳೆಗರಿಯ ಕಟ್ಟೊಂದನ್ನು ತಂದವರಿಗೆ ಕೆಳದಿಯ ವಸ್ತುಸಂಗ್ರಹಾಲಯವನ್ನು ಸೂಚಿಸಿದೆವು.

ಉಳಿದಿರುವ ದೊಡ್ಡ ವಸ್ತುವೆಂದರೆ ಮರದ ಕಣಜ. ಅದರ ಹಲಗೆಗಳಲ್ಲಿ ಹುಳು ಕೊರೆದ ತೂತುಗಳಿರುವುದರಿಂದ ಹೊರಗಿನ ಕೊಟ್ಟಿಗೆಯಲ್ಲಿ ಪ್ರತ್ಯೇಕವಾಗಿಟ್ಟು, ಹೊಸ ಹುಡಿ ಉದುರಿದರೆ ಕಾಣುವಂತೆ ಅಡಿಗೆ ಕಪ್ಪು ಕಾಗದ ಹಾಸಿದ್ದೇವೆ. ಮುಂದಿನ ಮಳೆಗಾಲ ಕಳೆಯುವವರೆಗೂ ಕಾಗದದ ಮೇಲೆ ಹುಡಿ ಬೀಳದಿದ್ದರೆ, ಹಲಗೆಗಳನ್ನು ಬಿಚ್ಚಿ ಒಳಕ್ಕೆ ತಂದು ಜೋಡಿಸುತ್ತೇವೆ.