ಶಿಮೊನಾಡಾ ಸ್ಟೇಷನ್‌ಗೆ ಹೋಗೋರು ಕಾರ್ ಬುಕ್ ಮಾಡ್ಬೇಡಿ

ಶಿಮೊನಾಡಾ ಅಂದ್ರೆ ಜಪಾನಿನ ಶಿಕೊಕು ದ್ವೀಪದಲ್ಲಿ, ಮತ್ಸುಯಾಮಾ ಸಿಟಿಯಿಂದ ಆಚೆ, ಸಮುದ್ರಕ್ಕೆ ಎದುರಾಗಿರೋ ಪುಟ್ಟ ರೈಲ್ವೆ ಸ್ಟೇಷನ್. ನಮ್ ಟ್ರಾವೆಲ್ ಏಜೆಂಟ್ ಹೇಳಿದ್ದು "ಸರ್ ಅಲ್ಲಿಗೆಲ್ಲಾ ಟ್ರೈನ್ ಕನೆಕ್ಷನ್ ಸರಿ ಇಲ್ಲ, ಮತ್ಸುಯಾಮಾದಿಂದ ಕಾರೇ ಮಾಡ್ಕೋಬೇಕು" ಅಂತ, ಅದಕ್ಕೆ ಕೇಳಿದ್ದು ಹದಿನೆಂಟು ಸಾವಿರ ರೂಪಾಯಿ. ರೈಲ್ವೆ ಸ್ಟೇಷನ್ ನೋಡಕ್ಕೆ ಹೋಗೋರಿಗೆ ಟ್ರೈನ್ ನಂಬ್ಬೇಡಿ ಅನ್ನೋಕೂ ಧೈರ್ಯ ಬೇಕು ಬಿಡಿ. ಟ್ರೈನ್ ಇದೆ, ಸುಮಾರು ಒಂದು ಗಂಟೆ ದಾರಿ, ಒಂದು ಕಡೆಗೆ ಸಾವಿರ ಯೆನ್ ಕೂಡ ಆಗಲ್ಲ.

ಆದ್ರೆ ಒಂದು ಕಿತಾಪತಿ ಇದೆ. ಮತ್ಸುಯಾಮಾದಿಂದ ದಕ್ಷಿಣಕ್ಕೆ ಯೋಸಾನ್ ಲೈನ್ ಎರಡಾಗಿ ಕವಲೊಡೆಯುತ್ತೆ, 1986ರಲ್ಲಿ ಗುಡ್ಡ ಕೊರೆದು ಉಚಿಕೊ ಕಡೆಯಿಂದ ಶಾರ್ಟ್‌ಕಟ್ ಮಾಡಿದ್ಮೇಲೆ ಎಕ್ಸ್‌ಪ್ರೆಸ್ ಎಲ್ಲಾ ಆ ಕಡೆನೇ. ಹಳೇ ಲೈನು ಸಮುದ್ರದ ಪಕ್ಕದಲ್ಲೇ ಇಯೊ-ನಾಗಹಾಮಾ ಮೇಲೆ ಹೋಗುತ್ತೆ, ಶಿಮೊನಾಡಾ ಇರೋದು ಅದ್ರಲ್ಲಿ. ಹಾಗಾಗಿ ರೈಲ್ ಪಾಸ್ ಇದೆ ಅಂತ ಎಕ್ಸ್‌ಪ್ರೆಸ್ ಹತ್ತಿ ಕೂತ್ರೆ ಸಮುದ್ರನೂ ಇಲ್ಲ, ಸ್ಟೇಷನ್ನೂ ಇಲ್ಲ. ಇಯೊ-ನಾಗಹಾಮಾ ಕಡೆ ಹೋಗೋ ಲೋಕಲ್ಲೇನಾ ಅಂತ ಕೇಳ್ಕೊಂಡು ಹತ್ತಿ. ಬಹಳ ಸಲ ಒಂದೇ ಬೋಗಿಯ ಡೀಸೆಲ್ ಗಾಡಿ, ಕೆಲವು ಹೊತ್ತಲ್ಲಿ ಎರಡು ಮೂರು ಗಂಟೆಗೆ ಒಂದು, ಅದಕ್ಕೆ ವಾಪಸ್ ಟೈಮಿಂಗ್ ಮೊದ್ಲೇ ಫೋಟೋ ತೆಗೆದಿಟ್ಕೊಳಿ.

ಸ್ಟೇಷನ್ ಅಂದ್ರೆ ಒಂದು ಪ್ಲಾಟ್‌ಫಾರ್ಮ್, ಒಂದು ಚಿಕ್ಕ ಮರದ ಕಟ್ಟಡ, ಒಂದು ಸೂರು, ಅದ್ರ ಕೆಳಗೆ ಬೆಂಚು, ಎದುರಿಗೆ ಸಮುದ್ರ. 1935ರದ್ದು. ಸ್ಟಾಫ್ ಯಾರೂ ಇಲ್ಲ. 1998ರಿಂದ 2000ದ ನಡುವೆ ರೈಲ್ವೆಯವ್ರ ರಜಾ ಟಿಕೆಟ್ ಪೋಸ್ಟರ್‌ಗಳಲ್ಲಿ ಬಂದ್ಮೇಲೆ ಫೇಮಸ್ಸು. ಒಂದು ಕಾಲದಲ್ಲಿ ಅಲೆ ಹತ್ರದಲ್ಲೇ ಹೊಡೀತಿತ್ತಂತೆ, ಈಗ ಮಧ್ಯೆ ಕೆಳಗಡೆ ಹೈವೇ ಬಂದಿದೆ, ಫೋಟೋದಲ್ಲಿ ಅದು ಯಾರಿಗೂ ಕಾಣಲ್ಲ.

ಫೋಟೋದಲ್ಲಿ ಕಾಣದೇ ಇರೋ ಇನ್ನೊಂದು ಅಂದ್ರೆ ಜನ. ಯಾರೂ ಇಲ್ಲದ ಬೆಂಚಿನ ಫೋಟೋ ತೆಗೆಯೋಕೆ ಲೈನ್ ನಿಂತಿದ್ರು! ಅದ್ರಲ್ಲಿ ಮುಕ್ಕಾಲು ಪಾಲು ಕಾರಲ್ಲಿ ಬಂದೋರು, ಟ್ರೈನ್ ಬಂದ್ರೂ ಹತ್ತೋರಲ್ಲ, ಟ್ರೈನ್ ಜೊತೆ ಫೋಟೋ ಬೇಕಿರೋರು. ಟ್ರೈಪಾಡ್ ಇಟ್ಕೊಂಡಿದ್ದ ಒಬ್ಬ ಆಸಾಮಿ ಅಂತೂ ಬೆಂಚ್ ಬಿಟ್ಟು ಕದಲಲೇ ಇಲ್ಲ. ನಂಗೆ ಗದ್ದಲ ಅಂದ್ರೆ ಆಗಲ್ಲ, ಜಾತ್ರೆ ಇಷ್ಟ ಪಡೋರಿಗೆ ಇದೇನೂ ಅನ್ನಿಸದೇ ಇರಬಹುದು. ವೀಕೆಂಡಲ್ಲಿ ಇಯೊನಾಡಾ ಮೊನೊಗತಾರಿ ಅನ್ನೋ ಕೆಂಪು-ಬಂಗಾರದ ಟೂರಿಸ್ಟ್ ಟ್ರೈನು ಬಂದು ಹತ್ತು ನಿಮಿಷದಷ್ಟು ನಿಲ್ಲುತ್ತೆ, ಆಗಂತೂ ಕಾಲಿಡೋಕೆ ಜಾಗ ಇರಲ್ಲ. ವಾರದ ದಿನ ಬೆಳಿಗ್ಗೆ ಹೋಗಿ. ಸೂರ್ಯಾಸ್ತ ಚೆನ್ನಾಗಿರುತ್ತೆ ಅಂತ ಎಲ್ರೂ ಹೇಳ್ತಾರೆ, ಹೌದು ಚೆನ್ನಾಗೇ ಇರುತ್ತೆ, ಆದ್ರೆ ಎಲ್ರೂ ಅದಕ್ಕೇ ಬರ್ತಾರೆ.

ಸೂರ್ಯಾಸ್ತಕ್ಕೆ ನಾನು ಹೇಳೋದು ಪಕ್ಕದ ಸ್ಟೇಷನ್ ಇಯೊ-ಕಾಮಿನಾಡಾ. ಮತ್ಸುಯಾಮಾ ಕಡೆಗೆ ಒಂದೇ ಸ್ಟಾಪ್ ಹಿಂದೆ, ಇಳಿದು ಸ್ವಲ್ಪ ನಡೆದ್ರೆ ಫುತಾಮಿ ಬೀಚು, ಹೈವೇ ಪಕ್ಕ ಅಂಗಡಿ, ಅಲ್ಲಿ ಜಾಕೊತೆನ್ ಸಿಗುತ್ತೆ. ಸಣ್ಣ ಮೀನನ್ನ ಮುಳ್ಳು ಚರ್ಮದ ಸಮೇತ ಅರೆದು ತಟ್ಟಿ ಎಣ್ಣೇಲಿ ಕರಿದಿರೋದು, ನೋಡಕ್ಕೆ ಬೂದು ಬಣ್ಣ, ಏನೂ ಚೆಂದ ಇಲ್ಲ. ಬಾಣಲೆಯಿಂದ ತೆಗೆದ ಬಿಸಿಬಿಸೀದೇ ಕೊಟ್ರು, ಹೊರಗೆ ಗರಿಗರಿ, ಒಳಗೆ ಹಲ್ಲಿಗೆ ಸಿಗೋ ನುಣ್ಣನೆ ಮುಳ್ಳಿನ ಪುಡಿ, ಉಪ್ಪು ಬಿಟ್ರೆ ಮಸಾಲೆ ಅನ್ನೋದೇ ಇಲ್ಲ, ಆದ್ರೂ ಮೀನಿನ ರುಚಿ ಅಂದ್ರೆ ಇದು ಅನ್ನಿಸ್ತು. ಒಂದಕ್ಕೆ ನಮ್ ದುಡ್ಡಲ್ಲಿ ನೂರೈವತ್ತರ ಒಳಗೇ. ಒಂದು ತಿಂದು, ಮತ್ತೊಂದು ತಿಂದು, ಟ್ರೈನಿಗೆ ಅಂತ ಕಟ್ಟಿಸ್ಕೊಂಡಿದ್ದು ಟ್ರೈನ್ ಬರೋ ಮೊದ್ಲೇ ಖಾಲಿ. ಕರಾವಳಿ ಕಡೆಯೋರು ಇದನ್ನ ಬಿಟ್ಟು ಬರ್ಲೇಬೇಡಿ.

ವೆಜ್‌ನವ್ರು ಮಾತ್ರ ಮತ್ಸುಯಾಮಾದಲ್ಲೇ ಊಟ ಕಟ್ಕೊಂಡ್ ಬನ್ನಿ, ಉಮೆ ಒನಿಗಿರಿ (ಹುಳಿ ಉಪ್ಪಿನಕಾಯಿ ಹಣ್ಣು ಇಟ್ಟ ಅನ್ನದುಂಡೆ), ಬಾಳೆಹಣ್ಣು, ಏನಾದ್ರೂ. ಉದೋನ್ ಅನ್ನೋ ದಪ್ಪ ನೂಡಲ್ಸ್‌ನ ಸಾರಿಗೂ ಸಾಮಾನ್ಯವಾಗಿ ಒಣಮೀನೇ ಹಾಕಿರ್ತಾರೆ. ಶಿಮೊನಾಡಾ ಎದುರು ಕಾಫಿ ಗಾಡಿ ಇದೆ, ಅದ್ರಲ್ಲಿ ಹೊಟ್ಟೆ ತುಂಬಲ್ಲ.

ರೂಮು ಮತ್ಸುಯಾಮಾದ ಬಿಸಿನೀರಿನ ಬುಗ್ಗೆ ದೋಗೊ ಓನ್ಸೆನ್ ಹತ್ರ ಬೇಡ. ನಮಗೆ ಸಿಕ್ಕಿದ್ದರಲ್ಲಿ ಸೂಟ್‌ಕೇಸ್ ತೆಗೆದ್ರೆ ಬಾಗಿಲು ತೆಗೆಯೋಕಾಗ್ತಿರ್ಲಿಲ್ಲ, ಕಿಟಕಿ ತೆಗೆದ್ರೆ ಪಕ್ಕದ ಗೋಡೆ, ರೇಟು ಮಾತ್ರ ಊರಿಗೆಲ್ಲಾ ವ್ಯೂ ಇರೋ ಥರ. ಸ್ನಾನಕ್ಕೆ ಅಷ್ಟೇ ಟ್ರಾಮಲ್ಲಿ ಹೋಗ್ಬನ್ನಿ, ಉಳ್ಕೊಳಕ್ಕೆ ಮತ್ಸುಯಾಮಾ ಜೆಆರ್ (ಜಪಾನ್ ರೈಲ್ವೆ) ಸ್ಟೇಷನ್ ಹತ್ರ ಸಾಕು.

ಇನ್ನು ದುಡ್ಡು. ನಾವು ಹೋದಾಗ ಈ ಲೈನಲ್ಲಿ ಸುಯಿಕಾ ಕಾರ್ಡ್ (ದುಡ್ಡು ತುಂಬಿಸಿ ಗೇಟಲ್ಲಿ ತಾಗಿಸೋ ಕಾರ್ಡು) ನಡೀಲಿಲ್ಲ. ವಾಪಸ್ ಬರುವಾಗ ಹಿಂದಿನ ಬಾಗಿಲಲ್ಲಿ ಹತ್ತಿ, ಅಲ್ಲೇ ಮೆಷಿನ್‌ನಿಂದ ನಂಬರ್ ಚೀಟಿ ಎಳ್ಕೊಳಿ, ಡ್ರೈವರ್ ಮೇಲಿನ ಬೋರ್ಡಲ್ಲಿ ಆ ನಂಬರ್ ಕೆಳಗೆ ಎಷ್ಟು ತೋರಿಸುತ್ತೋ ಅಷ್ಟನ್ನ ಇಳಿಯುವಾಗ ಮುಂದಿನ ಡಬ್ಬಿಗೆ ಹಾಕಿ, ಮತ್ಸುಯಾಮಾಗೇ ಹೋಗೋದಾದ್ರೆ ಚೀಟಿ ತೋರಿಸಿ ಗೇಟಲ್ಲಿ ಕೊಡಿ. ಹತ್ತು ಸಾವಿರದ ನೋಟು ಒಂದೇ ಇಟ್ಕೊಂಡು ಹತ್ತಬೇಡಿ, ಸಾವಿರದ ನೋಟು ಚಿಲ್ಲರೆ ಎರಡೂ ಇರಲಿ.