ಅಂಗೂರಿಗೆ ಒಂದು ನೆಪ ಬೇಕಿತ್ತು

ಪಂಜಾಬಿ ಲೇಖಕಿ ಅಮೃತಾ ಪ್ರೀತಂ ಅಂದ ಕೂಡಲೇ ಹೆಚ್ಚಿನವರಿಗೆ ದೇಶ ವಿಭಜನೆಯ ಕವಿತೆ ನೆನಪಾಗುತ್ತದೆ. ನನಗೆ ಅವರ ಕತೆಗಳೇ ಜಾಸ್ತಿ ಇಷ್ಟ. ಪಂಜಾಬಿ ಬರಲ್ಲ, ಹಿಂದಿಯಲ್ಲಿ ಓದಿದ್ದು. ಅದರಲ್ಲೂ ‘ಜಂಗ್ಲಿ ಬೂಟಿ’ಯನ್ನು, ಅಂದರೆ ಕಾಡುಸೊಪ್ಪು ಅನ್ನೋ ಕತೆಯನ್ನು, ಮತ್ತೆ ಮತ್ತೆ ಓದುತ್ತೇನೆ.

ಅಂಗೂರಿ ಹಳ್ಳಿಯ ಹುಡುಗಿ. ವಯಸ್ಸಾದ ಮನೆಗೆಲಸದವ ಪ್ರಭಾತಿಗೆ ಎರಡನೇ ಹೆಂಡತಿ. ಮದುವೆ ಆದದ್ದು ಹೇಗೆ ಗೊತ್ತಾ? ತೀರಿಹೋದ ಮೊದಲ ಹೆಂಡತಿಯ ಉತ್ತರಕ್ರಿಯೆಯಲ್ಲಿ ಪ್ರಭಾತಿಯ ಹೆಗಲ ಮೇಲಿನ ಒದ್ದೆ ವಸ್ತ್ರವನ್ನು ಅಂಗೂರಿಯ ಅಪ್ಪ ಹಿಂಡಿದ. ಹಿಂಡಿದವನು ಮಗಳನ್ನು ಕೊಟ್ಟ ಹಾಗೆ. ಈ ಸಾಲು ಬಂದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಒಬ್ಬ ಗಂಡಸಿನ ಕಣ್ಣೀರು ಆರಲಿ ಅಂತ ಒಬ್ಬ ಮಗಳನ್ನು ಕೊಟ್ಟುಬಿಡುವುದಾ?

ಇನ್ನು ಬೂಟಿ. ಹೆಣ್ಣು ತಾನಾಗಿ ಯಾರನ್ನೂ ಪ್ರೀತಿಸಲ್ಲ, ಗಂಡು ಪಾನಿನಲ್ಲೋ ಮಿಠಾಯಿಯಲ್ಲೋ ಕಾಡುಸೊಪ್ಪು ಸೇರಿಸಿ ತಿನ್ನಿಸಿರುತ್ತಾನೆ ಅನ್ನೋದು ಅಂಗೂರಿಯ ಊರಿನ ನಂಬಿಕೆ. ಬೂಟಿ ಅಂದರೆ ಆಸೆಯ ಸಂಕೇತ ಅಂತ ಒಂದೇ ಸಾಲಲ್ಲಿ ಮುಗಿಸಿದರೆ ನನಗೆ ಬೇಜಾರು. ಹಿಂಡಿದ ಬಟ್ಟೆಯ ಪಕ್ಕದಲ್ಲಿಟ್ಟು ಅದನ್ನು ನೋಡಬೇಕು. ಕೊಡುವವನು ಅಪ್ಪ, ತಿನ್ನಿಸುವವನು ಇನ್ಯಾರೋ. ಅವಳ ಮನಸ್ಸನ್ನು ಕೇಳಿದವರೇ ಇಲ್ಲ.

ಕಾವಲುಗಾರ ರಾಮತಾರಾ ಊರಿಗೆ ಹೋದ ಮೇಲೆ ಅಂಗೂರಿ ಕತೆ ಹೇಳುವವಳ ಹತ್ತಿರ ತನ್ನ ಹೆಸರು ಬರೆಯೋದು ಕಲಿಸಿ ಅನ್ನುತ್ತಾಳೆ. ಹಳ್ಳಿ ಹೆಂಗಸರು ಓದಿದರೆ ಪಾಪ ಅಂತ ಹೇಳಿದ್ದವಳೇ ಇವಳು! ಬೂಟಿ ತಿಂದೆಯಾ ಅಂತ ಕೇಳಿದರೆ ಅಳುತ್ತಾಳೆ. ರಾಮತಾರಾನ ಕೈಯಿಂದ ಮಿಠಾಯಿ ತಿಂದಿಲ್ಲ, ಪಾನ್ ಕೂಡ ತಿಂದಿಲ್ಲ, ಬರೀ ಚಹಾ... ಮಾತು ಅಲ್ಲೇ ನಿಲ್ಲುತ್ತದೆ. ತನಗೆ ಪ್ರೀತಿ ಹುಟ್ಟಿದೆ ಅಂತ ಒಪ್ಪಿಕೊಳ್ಳೋದಕ್ಕೂ ಪಾಪ, ಅವಳಿಗೆ ಒಂದು ಸೊಪ್ಪಿನ ನೆಪ ಬೇಕು. ಆ ಅರ್ಧ ಮಾತಿಗಾಗಿಯೇ ಅಮೃತಾಗೆ ಕೈ ಮುಗಿಯಬೇಕು ಅನಿಸುತ್ತದೆ.

ಅವರ ಇನ್ನೊಂದು ಕತೆ ‘ಶಾಹ್ ದೀ ಕಂಜರಿ’ (ಶಾಹ್‌ನ ವೇಶ್ಯೆ)ಯಲ್ಲಿ ಬೂಟಿಯ ಜಾಗದಲ್ಲಿ ನೂರು ರೂಪಾಯಿ ನೋಟು ಇದೆ. ಲಾಹೋರಿನ ವೇಶ್ಯೆಯರ ಕೇರಿ ಹೀರಾ ಮಂಡಿಯ ನೀಲಂ, ತನ್ನನ್ನು ಇಟ್ಟುಕೊಂಡ ಶಾಹ್‌ನ ಮನೆಯ ಮದುವೆಗೆ ಹಾಡೋಕೆ ಬರುತ್ತಾಳೆ. ಶಾಹ್‌ನ ಹೆಂಡತಿ ಅವಳಿಗೆ ನೋಟು ಚಾಚುತ್ತಾಳೆ. ನೀಲಂ ಬೇಡ ಅಂದರೂ ಬಿಡಲ್ಲ. ಅವನ ಹತ್ತಿರ ಯಾವಾಗಲೂ ತಗೋತೀಯಲ್ಲ, ನನ್ನ ಕೈಯಿಂದ ಮತ್ತೆ ಯಾವಾಗ ಸಿಗುತ್ತೆ ಅನ್ನುವ ಧಾಟಿಯಲ್ಲಿ ಚುಚ್ಚುತ್ತಾಳೆ. ನಮ್ಮಕ್ಕ ಇದನ್ನು ಹೆಂಡತಿಯ ಗೆಲುವು ಅಂತಾಳೆ. ನಾನು ಒಪ್ಪಲ್ಲ. ಆ ನೋಟೂ ಶಾಹ್‌ನ ಜೇಬಿನದ್ದೇ ಅಲ್ವಾ?